ಮನೆಯಲ್ಲಿರೋದನ್ನ ಮೊದಲು ಮುಗಿಸೋಣ ಅಂತ ಹೊರಟಾಗ

ಕೊಪ್ಪಳದವರಿಗೆ ಜನವರಿ ಅಂದರೆ ಗವಿಮಠದ ಜಾತ್ರೆ. ಮನೆ ತುಂಬ ಜನ ಇರುತ್ತಾರೆ. ಬೀಗರು ಬರುತ್ತಾರೆ, ತವರಿನವರು ಬರುತ್ತಾರೆ, ಮಾವನವರ ಊರಿನವರು ತೇರು ನೋಡಿ ಹಾಗೇ ಒಂದು ರಾತ್ರಿ ಉಳಿದು ಹೋಗುತ್ತಾರೆ. ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರು ಹೊಲದ ಅಲಸಂದಿ ತಂದರೆ ಇನ್ನೊಬ್ಬರು ಶೇಂಗಾ ತರುತ್ತಾರೆ, ಮತ್ತೊಬ್ಬರು ಬಟ್ಟೆಯಲ್ಲಿ ಕಟ್ಟಿದ ಕಟಕ್ ರೊಟ್ಟಿ. ಬಂದವರಿಗೆ ಕಡಿಮೆ ಬೀಳಬಾರದು ಅಂತ ನಾವೂ ಬೇಳೆ, ಬೆಲ್ಲ, ರವೆ ಎಲ್ಲ ಜಾಸ್ತಿನೇ ತಂದಿಟ್ಟಿರುತ್ತೇವೆ.

2025ರ ಜಾತ್ರೆ ಮುಗಿದು ಫೆಬ್ರವರಿ ಬಂತು. ನಮ್ಮ ಮನೆಯಲ್ಲಿ ಆರು ಜನ: ಅತ್ತೆ, ಮಾವ, ನಾವಿಬ್ಬರು, ಎರಡು ಮಕ್ಕಳು. ಕಿರಾಣಿ, ಹಾಲು, ತರಕಾರಿ ಎಲ್ಲ ಸೇರಿ ತಿಂಗಳಿಗೆ 14,000 ರೂಪಾಯಿ ಹತ್ತಿರ ಆಗುತ್ತಿತ್ತು. ಜಾತ್ರೆ ತಿಂಗಳಲ್ಲಿ 19,000 ದಾಟಿತ್ತು. ಮುಂದೆ ಮಗಳ ಸ್ಕೂಲ್ ಫೀಸು ಕಟ್ಟಬೇಕು. ಎಂದಿನಂತೆ ಅಂಗಡಿಗೆ ಚೀಟಿ ಬರೆಯಲು ಕುಳಿತೆ. ತೊಗರಿಬೇಳೆ, ಹೆಸರುಕಾಳು, ಶೇಂಗಾ, ಅವಲಕ್ಕಿ ಅಂತ ಬರೆಯುತ್ತಾ ಹೋದೆ. ಅಲ್ಲೇ ಕುಳಿತಿದ್ದ ಅತ್ತೆ ಕೇಳಿದರು, "ಯವ್ವಾ, ಹೆಸರುಕಾಳು ಇನ್ನೂ ಅದಾವಲ್ಲ, ಮತ್ಯಾಕ ಬರಿಯಾಕತ್ತಿ? ಮೊದ್ಲ ಡಬ್ಬಿ ನೋಡು. ಏನೈತಿ ಅದನ್ನ ಬೇಯಿಸು."

ಚೀಟಿ ಬದಿಗಿಟ್ಟು ಇಬ್ಬರೂ ಡಬ್ಬಿ ಇಳಿಸಲು ಶುರು ಮಾಡಿದೆವು.

ಪಡಸಾಲೆಯಲ್ಲಿ ಹಳೆ ಸೀರೆ ಹಾಸಿ ಎಲ್ಲವನ್ನೂ ಅದರ ಮೇಲೆ ಇಟ್ಟೆವು. ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಡಬ್ಬಿ, ರಬ್ಬರ್ ಬ್ಯಾಂಡ್ ಹಾಕಿದ ಪ್ಯಾಕೆಟ್ಟು, ಮೇಲಿನ ಅಟ್ಟದ ಚೀಲ. ಹೆಸರುಕಾಳು ಎರಡು ಕಡೆ ಇತ್ತು. ಮಡಿಕೆಕಾಳು, ಅಲಸಂದಿ, ಕಡಲೆ ಒಂದೊಂದು ಮುಷ್ಟಿ, ಎರಡೆರಡು ಮುಷ್ಟಿ. ಗುರೆಳ್ಳು, ಅಗಸಿ ಬೇರೆ ಬೇರೆ. ಅರ್ಧ ಪ್ಯಾಕೆಟ್ ಶಾವಿಗೆ ಮೂರು. ಮೆತ್ತಗಾದ ಮಂಡಕ್ಕಿ. ಸಜ್ಜೆ ಹಿಟ್ಟು, ಜೋಳದ ಹಿಟ್ಟು, ಒಂದು ಡಬ್ಬಿ ತುಂಬ ಪುಟಾಣಿ, ಅಂದರೆ ಹುರಿಗಡಲೆ. ಅಕ್ಕಿಯಂತೂ ಕೇಳಲೇಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ನೀರೆಲ್ಲ ನದಿಗೆ ಹೋಗುತ್ತೆ, ಗಂಗಾವತಿ ಕಡೆ ಭತ್ತ ಬರೋದಿಲ್ಲ, ಅಕ್ಕಿ ರೇಟು ಏರುತ್ತೆ ಅಂತ ಮಾವ ಗಂಗಾವತಿಯಿಂದ 25 ಕೆಜಿಯ ಎರಡು ಚೀಲ ಸೋನಾ ಮಸೂರಿ ತರಿಸಿದ್ದರು. ವಾರದೊಳಗೆ ಆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು. ಆ ಎರಡನೇ ಚೀಲ ಇನ್ನೂ ಬಾಯಿ ಬಿಚ್ಚದೆ ಹಾಗೇ ಇತ್ತು.

ಎಲ್ಲದರ ಲೆಕ್ಕ ಬರೆದು ನೋಡಿದಾಗ ಒಂದು ತಿಂಗಳಿಗೆ ಆಗಿ ಮಿಗುವಷ್ಟು ಸಾಮಾನು ಮನೆಯಲ್ಲೇ ಇತ್ತು. ಆ ತಿಂಗಳು ಹಾಲು, ಎಣ್ಣೆ, ಸಕ್ಕರೆ, ಚಾಪುಡಿ, ಉಳ್ಳಾಗಡ್ಡಿ ಮತ್ತು ಹಸಿ ತರಕಾರಿ ಬಿಟ್ಟು ಏನೂ ತರೋದು ಬೇಡ ಅಂತ ತೀರ್ಮಾನ ಮಾಡಿದೆವು. ಕಿರಾಣಿ ಅಂಗಡಿಯವರು ಚೀಟಿ ನೋಡಿ, "ಯಾಕ್ರೀ ಅಕ್ಕಾರ, ಊರಿಗೆ ಹೊಂಟೀರೇನು?" ಅಂತ ಕೇಳಿದರು.

ಮೊದಲ ಕೆಲಸ ಯಾವುದು ಬೇಗ ಕೆಡುತ್ತೆ ಅಂತ ನೋಡೋದು. ಇದು ಬಹಳ ಮುಖ್ಯ. ಇರುವುದನ್ನೆಲ್ಲ ಒಂದೇ ಸಲ ಮುಗಿಸಲು ಹೋಗಬೇಕಿಲ್ಲ. ಕಾಳು ಕಾಯುತ್ತೆ, ಹಿಟ್ಟು ಕಾಯೋದಿಲ್ಲ. ಅದರಲ್ಲೂ ಸಜ್ಜೆ ಹಿಟ್ಟು. ಸಜ್ಜೆಯಲ್ಲಿ ಎಣ್ಣೆ ಅಂಶ ಜಾಸ್ತಿ, ಬೀಸಿದ ಮೇಲೆ ಕೆಲವೇ ದಿನಕ್ಕೆ ಕಹಿ ತಿರುಗುತ್ತೆ. ನಾಲಿಗೆಗೆ ಚಿಟಿಕೆ ಇಟ್ಟು ನೋಡಿದೆವು. ಇನ್ನೂ ಕಹಿ ಬಂದಿರಲಿಲ್ಲ. ಅದೇ ದಿನ ಎಳ್ಳು ಹಚ್ಚಿ ರೊಟ್ಟಿ ಬಡಿದು, ಒಲೆಯ ಮೇಲೆ ಚೆನ್ನಾಗಿ ಒಣಗಿಸಿ ಇಟ್ಟರು ಅತ್ತೆ. ಹಿಟ್ಟಾಗಿ ಇದ್ದಿದ್ದರೆ ವಾರದಲ್ಲಿ ಎಸೆಯಬೇಕಿತ್ತು.

ಜೋಳದ ಹಿಟ್ಟು ಬೇರೆ ಥರ ಹಳತಾಗುತ್ತೆ. ಅದರ ಜಿಗುಟು ಹೋಗುತ್ತೆ. ರೊಟ್ಟಿ ಬಡಿಯುವಾಗ ಅಂಚು ಸೀಳುತ್ತೆ, ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಎರಡು ತುಂಡು. ಅದಕ್ಕೆ ಅತ್ತೆ ಮಾಡೋದು ಹೀಗೆ: ನೀರು ಕುದಿಯಲು ಇಟ್ಟು, ತಳದಿಂದ ಗುಳ್ಳೆ ಏಳುವಾಗ ಇಳಿಸಿ, ಹಿಟ್ಟಿನ ನಡುವೆ ಗುಂಡಿ ಮಾಡಿ ಅದಕ್ಕೆ ಸುರಿಯುತ್ತಾರೆ. ಚಮಚದಲ್ಲಿ ಕಲಸಿ, ಕೈಗೆ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಬಿಸಿ ನೀರಿಗೆ ಹಿಟ್ಟು ಅರ್ಧ ಬೆಂದು ಅಂಟು ಬರುತ್ತೆ. ಅಷ್ಟು ಮಾಡಿದರೂ ಸೀಳುವ ಹಿಟ್ಟಾದರೆ ಅದಕ್ಕೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಹುಳಿ ಮೊಸರು, ಸ್ವಲ್ಪ ಕಡಲೆಹಿಟ್ಟು ಸೇರಿಸಿ ತಾಲಿಪೆಟ್ಟು. ಇನ್ನೂ ಉಳಿದದ್ದು ಅಂಬಲಿಗೆ. ಬೇಸಿಗೆಯಲ್ಲಿ ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಹಾಕಿದ ಜೋಳದ ಅಂಬಲಿಗಿಂತ ಒಳ್ಳೇದು ಯಾವುದೂ ಇಲ್ಲ ಅನ್ನೋದು ನನ್ನ ನಂಬಿಕೆ.

ಅತ್ತೆಯ ತವರು ಯಲಬುರ್ಗಾ ಕಡೆಯ ಹಳ್ಳಿ. ಮಳೆ ನಂಬಿದ ಹೊಲ. ಅವರ ಅಜ್ಜನ ಮನೆಯಲ್ಲಿ ಹಗೇವು ಇತ್ತಂತೆ. ನೆಲದೊಳಗೆ ಆಳಕ್ಕೆ ತೋಡಿ, ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರಂತೆ. ಗಾಳಿ ಆಡದ ಕಾರಣ ಹುಳ ಬದುಕೋದಿಲ್ಲ, ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಬೀಸೋದು ಮಾತ್ರ ಆ ದಿನಕ್ಕೆ ಬೇಕಾದಷ್ಟೇ. ಈ ಮಾತು ಕೇಳಿದ ಮೇಲೆ ನಾನು ಗಿರಣಿಗೆ ಹೋಗುವ ಅಳತೆ ಬದಲಿಸಿದೆ. ಮೊದಲು ತಿಂಗಳಿಗೊಮ್ಮೆ ದೊಡ್ಡ ಡಬ್ಬಿ ತುಂಬ ಹಾಕಿಸುತ್ತಿದ್ದೆ. ಈಗ ಸ್ವಲ್ಪ ಸ್ವಲ್ಪವೇ. ಕಾಳಿನ ಚೀಲದಲ್ಲಿ ಒಣಗಿಸಿದ ಬೇವಿನ ಎಲೆ ಇರುತ್ತೆ.

ಕಡಲೆಯನ್ನು ಬೇರೆ, ಉಳಿದ ಕಾಳುಗಳ ಮುಷ್ಟಿಗಳನ್ನೆಲ್ಲ ಸೇರಿಸಿ ಬೇರೆ ರಾತ್ರಿ ನೆನೆಹಾಕಿದೆ. ಹಳೆ ಕಾಳು ಬೇಗ ಬೇಯೋದಿಲ್ಲ, ಮೊಳಕೆಯೂ ಪೂರ್ತಿ ಬರೋದಿಲ್ಲ. ಕಡಲೆಯನ್ನು ಮೊದಲು ಕುಕ್ಕರಿಗೆ ಹಾಕಿ, ನಾಲ್ಕು ಸೀಟಿ ಆದ ಮೇಲೆ ತೆಗೆದು ಉಳಿದ ಕಾಳು ಸೇರಿಸಬೇಕು. ಎಲ್ಲ ಒಟ್ಟಿಗೆ ಹಾಕಿದರೆ ಹೆಸರು ಕರಗಿ ಹೋಗುತ್ತೆ, ಕಡಲೆ ಹಲ್ಲಿಗೆ ಕಲ್ಲು. ಬೆಂದ ನೀರು ಚೆಲ್ಲಲಿಲ್ಲ. ಅದಕ್ಕೆ ಹುಣಸೆಹಣ್ಣು, ಸ್ವಲ್ಪ ಬೆಲ್ಲ, ಮಸಾಲೆ ಖಾರ ಹಾಕಿದರೆ ರಾತ್ರಿಗೆ ಕಟ್ಟಿನ ಸಾರು. ಗುರೆಳ್ಳು, ಅಗಸಿ, ಶೇಂಗಾ, ಪುಟಾಣಿ ಚಟ್ನಿಪುಡಿಯಾದವು. ಮೆತ್ತಗಾದ ಮಂಡಕ್ಕಿ ನೀರಲ್ಲಿ ಅದ್ದಿ ಹಿಂಡಿ ಒಗ್ಗರಣೆ ಹಾಕಿದರೆ ಬೆಳಗಿನ ತಿಂಡಿ. ಒಗ್ಗರಣೆಗೆ ಗರಿ ಮಂಡಕ್ಕಿಯೇ ಬೇಕು ಅಂತೇನಿಲ್ಲ, ಹೇಗಿದ್ದರೂ ನೆನೆಸೋದೇ ಅಲ್ವಾ.

ತೊಗರಿಬೇಳೆಗೆ ಹುಳ ಹಿಡಿದಿತ್ತು. ಮೊರದಲ್ಲಿ ಕೇರಿ ಬಿಸಿಲಿಗೆ ಹರವಿದೆವು. ಹುಳ ತಾವೇ ಹೊರಟು ಹೋದವು. ಸಂಜೆ ಬೇಳೆ ಆರಿದ ಮೇಲೆ ಅಂಗೈಗೆ ಸ್ವಲ್ಪ ಔಡಲೆಣ್ಣೆ (ಹರಳೆಣ್ಣೆ) ಹಚ್ಚಿಕೊಂಡು ಬೇಳೆಯನ್ನೆಲ್ಲ ಸವರಿ ಡಬ್ಬಿಗೆ ತುಂಬಿದರು ಅತ್ತೆ. ಬೇಯಿಸುವ ಮೊದಲು ಬಿಸಿನೀರಲ್ಲಿ ತೊಳೆದರೆ ಎಣ್ಣೆ ಹೋಗುತ್ತೆ. ಅಕ್ಕಿಗೆ ಮಾತ್ರ ಕಡುಬಿಸಿಲು ಬೇಡ. ಅಕ್ಕಿ ಸೀಳಿ ನುಚ್ಚಾಗುತ್ತೆ. ನೆರಳಲ್ಲಿ ಹರವಿ, ಜರಡಿ ಹಿಡಿದು ಡ್ರಮ್ಮಿಗೆ ತುಂಬಿದೆವು.

ಈಗ ರೊಟ್ಟಿಯ ವಿಷಯ. ಕಟಕ್ ರೊಟ್ಟಿ ನಮ್ಮ ಭಾಗದವರು ಉಳಿಸಿ ಉಣ್ಣಲೆಂದೇ ಮಾಡಿಕೊಂಡಿದ್ದು. ಗವಿಮಠದ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳವರು ಮುಂಚೆಯೇ ರೊಟ್ಟಿ ಮಾಡಿ, ಒಣಗಿಸಿ, ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ ಲಕ್ಷಗಟ್ಟಲೆ ತಂದು ಕೊಡುತ್ತಾರೆ. ಜಾತ್ರೆ ಮುಗಿಯುವ ತನಕ ಅವು ಕೆಡೋದಿಲ್ಲ, ಯಾಕೆಂದರೆ ಅವುಗಳಲ್ಲಿ ನೀರಿನ ಅಂಶವೇ ಉಳಿದಿರೋದಿಲ್ಲ. ನಮ್ಮ ಮನೆಗೂ ನೆಂಟರು ತಂದದ್ದು ಒಂದು ಬುಟ್ಟಿ ಇತ್ತು. ಮಕ್ಕಳು ಒಣ ರೊಟ್ಟಿ ಮುಟ್ಟುತ್ತಿರಲಿಲ್ಲ. ಅದಕ್ಕೆ ರೊಟ್ಟಿ ಒಗ್ಗರಣೆ ಶುರು ಮಾಡಿದೆ. ರೊಟ್ಟಿಯನ್ನು ಉಗುರಗಲ ಮುರಿದು, ಕೈಯಿಂದ ನೀರು ಚಿಮುಕಿಸಿ, ಮೇಲೆ ತಟ್ಟೆ ಮುಚ್ಚಿ ಸುಮ್ನೆ ಬಿಡಬೇಕು. ನೀರು ಸುರಿದರೆ ಮುದ್ದೆಯಾಗುತ್ತೆ. ಮುಟ್ಟಿದರೆ ಬಗ್ಗಬೇಕು, ಅಂಟಬಾರದು, ಅಷ್ಟು ಹದ. ಆಮೇಲೆ ಸಾಸಿವೆ, ಜೀರಿಗೆ, ಕರಿಬೇವು, ಶೇಂಗಾ, ಜಾಸ್ತಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ ಹಾಕಿ ಒಗ್ಗರಣೆ ಮಾಡಿ, ರೊಟ್ಟಿ ಸೇರಿಸಿ, ಇಳಿಸುವ ಮುಂಚೆ ಪುಟಾಣಿ ಪುಡಿ ಉದುರಿಸಿ ಲಿಂಬೆಹಣ್ಣು ಹಿಂಡಬೇಕು. ಪುಟಾಣಿ ಪುಡಿ ಉಳಿದ ತೇವ ಹೀರಿಕೊಳ್ಳುತ್ತೆ. ಮಗ ಅದನ್ನು ಟಿಫಿನ್ ಡಬ್ಬಿಗೆ ಕೇಳಿ ಹಾಕಿಸಿಕೊಂಡ. ಉಳಿದ ಚಪಾತಿಯಾದರೆ ಕೈಯಲ್ಲಿ ಪುಡಿ ಮಾಡಿ ಬೆಲ್ಲ, ತುಪ್ಪ, ಯಾಲಕ್ಕಿ ಹಾಕಿ ಮಾದ್ಲಿಯ ಹಾಗೆ ಮಾಡಿಕೊಡುತ್ತೇನೆ.

ಅನ್ನದ ವಿಷಯ ಅಷ್ಟು ಸುಲಭ ಇಲ್ಲ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಳಿಯುತ್ತಿದ್ದದ್ದು ರಾತ್ರಿಯ ಅನ್ನ. ಕಾರಣ ಹುಡುಕಿದಾಗ ಗೊತ್ತಾಗಿದ್ದು ಅಕ್ಕಿಯ ವಯಸ್ಸು. ಹೊಸ ಅಕ್ಕಿ ಕಡಿಮೆ ನೀರು ಕುಡಿಯುತ್ತೆ, ಅನ್ನ ಮುದ್ದೆಯಾಗುತ್ತೆ. ಹಳೆ ಅಕ್ಕಿ ಜಾಸ್ತಿ ನೀರು ಕುಡಿದು ಅರಳುತ್ತೆ. ಮಾವ ತರಿಸಿದ ಅಕ್ಕಿ ತಿಂಗಳುಗಟ್ಟಲೆ ಇದ್ದು ಹಳತಾಗಿತ್ತು. ಅದೇ ಲೋಟದ ಅಳತೆಯಲ್ಲಿ ಹಾಕಿದರೆ ಅನ್ನ ಹೆಚ್ಚಾಗುತ್ತಿತ್ತು. ರಾತ್ರಿಯ ಅಳತೆಯಲ್ಲಿ ಅರ್ಧ ಲೋಟ ಕಡಿಮೆ ಮಾಡಿದೆ, ನೀರು ಸ್ವಲ್ಪ ಹೆಚ್ಚಿಸಿದೆ. ಅನ್ನ ಉಳಿಯುವುದು ಹೆಚ್ಚುಕಡಿಮೆ ನಿಂತುಹೋಯಿತು. ಉಳಿದ ಅನ್ನಕ್ಕೆ ಚಿತ್ರಾನ್ನ, ಮೊಸರನ್ನ, ವಡೆ, ದೋಸೆ ಅಂತ ಎಲ್ಲರೂ ನೂರು ದಾರಿ ಹೇಳುತ್ತಾರೆ. ನಾನಂತೂ ಹೇಳೋದು ಮೊದಲು ಅಳತೆ ಸರಿ ಮಾಡಿಕೊಳ್ಳಿ ಅಂತ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮದು ಬಿಸಿಲಿನ ಊರು. ಏಪ್ರಿಲ್, ಮೇ ತಿಂಗಳಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ ಎಲ್ಲ ಕಡೆ 40 ಡಿಗ್ರಿ ದಾಟುತ್ತೆ. ಬೇಯಿಸಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು, 32 ಡಿಗ್ರಿಗಿಂತ ಹೆಚ್ಚು ಬಿಸಿ ಇದ್ದರೆ ಒಂದೇ ಗಂಟೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಸೂಕ್ಷ್ಮಜೀವಿ ಬೆಳೆಯುತ್ತೆ. ಅದರ ಬೀಜಕಣ ಅನ್ನ ಬೇಯಿಸಿದರೂ ಸಾಯೋದಿಲ್ಲ. ಅನ್ನ ಬೆಚ್ಚಗೆ ಕುಳಿತಾಗ ಅದು ವಿಷ ಬಿಡುತ್ತೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗೋದಿಲ್ಲ. ವಾಂತಿ, ಭೇದಿ ಬರೋದು ಇದರಿಂದಲೇ. ಉಳಿದ ಅನ್ನವನ್ನು ಕುಕ್ಕರಿನಲ್ಲೇ ಮುಚ್ಚಿಡದೆ ಅಗಲ ತಟ್ಟೆಗೆ ಹರವಿ, ಆರಿದ ಕೂಡಲೇ ಡಬ್ಬಿಗೆ ಹಾಕಿ ಫ್ರಿಜ್‌ಗೆ ಸೇರಿಸುತ್ತೇನೆ. ಮರುದಿನ ಬೆಳಗ್ಗೆ ಹೊಗೆಯಾಡುವಷ್ಟು ಬಿಸಿ ಮಾಡಿ ಅವತ್ತೇ ಮುಗಿಸುತ್ತೇವೆ. ಬೇಸಿಗೆಯಲ್ಲಿ ರಾತ್ರಿಯಿಡೀ ಕರೆಂಟ್ ಹೋಗಿದ್ದರೆ ಆ ಅನ್ನ ಯಾರೂ ತಿನ್ನೋದಿಲ್ಲ. ಹತ್ತು ರೂಪಾಯಿ ಅನ್ನ ಉಳಿಸಲು ಹೋಗಿ ಆಸ್ಪತ್ರೆಗೆ ಸಾವಿರ ಕೊಡುವಂತಾಗಬಾರದು.

ಅದೇ ಬಿಸಿಲು ನಮಗೆ ಉಪಕಾರವನ್ನೂ ಮಾಡುತ್ತೆ. ಮಾರ್ಚ್ ಕೊನೆಯಲ್ಲಿ ಮಧ್ಯಾಹ್ನ ಅನ್ನ ಉಳಿದರೆ ಆಗಲೇ ಜೀರಿಗೆ, ಉಪ್ಪು, ಹಸಿಮೆಣಸಿನಕಾಯಿ ಹಾಕಿ ರುಬ್ಬಿ ಮಾಳಿಗೆಯ ಮೇಲೆ ಸಂಡಿಗೆ ಇಟ್ಟುಬಿಡುತ್ತಿದ್ದೆವು. ಬೇರೆ ಊರಲ್ಲಿ ಎರಡು ಮೂರು ದಿನ ಬೇಕಾಗಬಹುದು. ಇಲ್ಲಿ ಸಂಜೆಗೆ ಮೇಲ್ಭಾಗ ಒಣಗಿ ಬಟ್ಟೆಯಿಂದ ಬಿಡಿಸಲು ಬರುತ್ತೆ, ಮರುದಿನ ತಿರುವಿ ಹಾಕಿದರೆ ಮುಗಿಯಿತು.

ತರಕಾರಿಯಲ್ಲಿ ಹೇಳಲು ಜಾಸ್ತಿ ಏನಿಲ್ಲ. ಹೀರೇಕಾಯಿ ಸಿಪ್ಪೆ ಚಟ್ನಿಗೆ, ಮೂಲಂಗಿ ತಪ್ಪಲು ಬೇಳೆ ಹಾಕಿ ಪಲ್ಯಕ್ಕೆ, ಕೊತ್ತಂಬರಿ ದಂಟು ಸಾರಿಗೆ. ನಮ್ಮ ಕಡೆ ತಪ್ಪಲು ಪಲ್ಯ ಎಲ್ಲರಿಗೂ ಗೊತ್ತಿರೋದೇ. ಬಾಡುವ ಸೊಪ್ಪು ಮೊದಲು, ಗಟ್ಟಿ ಬದನೆಕಾಯಿ ಆಮೇಲೆ, ಕುಂಬಳಕಾಯಿ ಕೊನೆಗೆ ಅಂತ ಸಾಲು ಮಾಡಿಕೊಂಡರೆ ಸಾಕು.

ಎಸೆದದ್ದೂ ಇದೆ. ಚೀಲದ ತಳದ ಶೇಂಗಾಕ್ಕೆ ಹಸಿರು ಬೂಷ್ಟು ಬಂದಿತ್ತು. ತೊಳೆದು ಹುರಿದರೆ ಆಗುತ್ತೆ ಅಂತ ಮಾವ ಅಂದರು. ನಾನು ಒಪ್ಪಲಿಲ್ಲ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಅದು ಲಿವರ್‌ಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗೋದಿಲ್ಲ. ಹಸಿರಾಗಿ ಮೊಳಕೆ ಬಂದಿದ್ದ ಆಲೂಗಡ್ಡೆಯೂ ಹೊರಗೆ. ಪ್ಯಾಕೆಟ್ ಮೇಲಿನ ದಿನಾಂಕವನ್ನೂ ಓದಬೇಕು. "ಬೆಸ್ಟ್ ಬಿಫೋರ್" ಅಂದರೆ ಅಲ್ಲಿಯವರೆಗೆ ರುಚಿ, ಗರಿ ಚೆನ್ನಾಗಿರುತ್ತೆ ಅಂತ. ದಾಟಿದ್ದರೂ ಶಾವಿಗೆಯಂಥದ್ದನ್ನು ಮೂಸಿ, ನೋಡಿ ಬಳಸಬಹುದು. "ಎಕ್ಸ್‌ಪೈರಿ" ಅಂತ ಇದ್ದರೆ ದಾಟಿದ ಮೇಲೆ ಬಳಸಬಾರದು.

ವಿಶ್ವಸಂಸ್ಥೆಯ ಪರಿಸರ ವಿಭಾಗದ 2024ರ ವರದಿಯಲ್ಲಿ ಭಾರತದ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 55 ಕೆಜಿ ಆಹಾರ ಹಾಳಾಗುತ್ತೆ ಅಂತ ಇದೆ. ಅದರಲ್ಲಿ ಸಿಪ್ಪೆ, ಎಲುಬೂ ಸೇರಿದೆ. ಆದರೂ ಆರು ಜನರ ಮನೆಗೆ 330 ಕೆಜಿ ಆಯಿತು. ನಮ್ಮ ಅಕ್ಕಿ ಚೀಲದ ಲೆಕ್ಕದಲ್ಲಿ ಹದಿಮೂರು ಚೀಲ.

ಫೆಬ್ರವರಿಯ ಖರ್ಚು 9,000ದ ಒಳಗೇ ಮುಗಿಯಿತು. ಅದು ಪ್ರತಿ ತಿಂಗಳೂ ಆಗುವಂಥದ್ದಲ್ಲ, ಕೂಡಿಟ್ಟದ್ದನ್ನು ಉಂಡಿದ್ದಕ್ಕೆ ಆಗಿದ್ದು. ಮಾರ್ಚ್‌ನಲ್ಲಿ ಯುಗಾದಿ ಇತ್ತು, 11,000 ಆಯಿತು. ಆಮೇಲಿನ ತಿಂಗಳುಗಳಲ್ಲೂ ಅದರ ಆಸುಪಾಸೇ ಇದೆ. ಅಂದರೆ ನಿಜವಾಗಿ ಉಳಿಯುವುದು ತಿಂಗಳಿಗೆ ಎರಡೂವರೆ, ಮೂರು ಸಾವಿರ. ಮಗಳ ಫೀಸಿನ ಒಂದು ಕಂತು ಇದರಲ್ಲೇ ಹೋಯಿತು. ದೊಡ್ಡ ಉಳಿತಾಯ ಬಂದದ್ದು ಡಬ್ಬಿ ನೋಡದೆ ಎರಡೆರಡು ಸಲ ತರುವುದು ನಿಂತದ್ದರಿಂದ. ರಾತ್ರಿ ಉಳಿದ ಅನ್ನ, ಸಾರಿನಿಂದ ಉಳಿದ ದುಡ್ಡು ಅದರ ಮುಂದೆ ಚಿಕ್ಕದು.

ಒಂದು ಮಾತನ್ನು ಬಿಡುವ ಹಾಗಿಲ್ಲ. ಶುರುವಾದ ಕೆಲವು ದಿನಕ್ಕೆ ಒಂದು ಗಮನಿಸಿದೆ. ಬೆಳಗ್ಗೆ ಮಕ್ಕಳಿಗೆ, ಗಂಡಸರಿಗೆ ಬಿಸಿ ತಿಂಡಿ ಬಡಿಸಿ, ಅತ್ತೆ ಸದ್ದಿಲ್ಲದೆ ಫ್ರಿಜ್‌ನಿಂದ ರಾತ್ರಿಯ ಪಲ್ಯ ತೆಗೆದು ತಣ್ಣಗಿನ ರೊಟ್ಟಿಯ ಜೊತೆ ತಿನ್ನುತ್ತಿದ್ದರು. ನಾನೂ ಅದನ್ನೇ ಮಾಡುತ್ತಿದ್ದೆ. ಮನೆಯಲ್ಲಿ ಏನೂ ಕೆಡುತ್ತಿಲ್ಲ ಅಂತ ಲೆಕ್ಕದಲ್ಲಿ ಕಾಣುತ್ತಿತ್ತು, ಆದರೆ ತಂಗಳು ಪೂರ್ತಿ ನಮ್ಮಿಬ್ಬರ ತಟ್ಟೆಗೇ ಬರುತ್ತಿತ್ತು. "ನಮಗೇನ್ ರೂಢಿ ಐತಿ ಬಿಡವ್ವ," ಅಂದರು ಅತ್ತೆ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಹೊತ್ತಿಗೆ ಸರಿಯಾಗಿ, ಬಿಸಿಯಾಗಿ ಉಣ್ಣಬೇಕಾದವರು ಅವರು. ಅವರ ಊಟ ತಣ್ಣಗಾಗಿ ಮನೆಯ ಖರ್ಚು ಇಳಿಯುವುದಾದರೆ ಅಂಥ ಉಳಿತಾಯ ನನಗೆ ಬೇಡ. ಎಷ್ಟೋ ಮನೆಗಳಲ್ಲಿ ಇದು ಹೀಗೇ ನಡೆದುಕೊಂಡು ಬಂದಿದೆ, ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಅಷ್ಟೇ.

ನಮ್ಮ ಮನೆಯವರ ಮುಂದೆ ವಿಷಯ ಇಟ್ಟೆ. ಅವರು ಅಡ್ಡ ಮಾತಾಡಲಿಲ್ಲ. ಮಾವನಿಗೆ ಸ್ವಲ್ಪ ಕಷ್ಟವಾಯಿತು, ತಂಗಳು ಉಣ್ಣುವ ಅಭ್ಯಾಸವೇ ಅವರಿಗೆ ಇರಲಿಲ್ಲ. ಈಗ ಹೀಗೆ ಮಾಡಿದ್ದೇವೆ: ಉಳಿದದ್ದು ಎಲ್ಲರಿಗೂ ಸಾಲುವಂತಿದ್ದರೆ ಅದನ್ನೇ ಹೊಸ ತಿಂಡಿ ಮಾಡಿ ಎಲ್ಲರೂ ತಿನ್ನೋದು. ಒಬ್ಬಿಬ್ಬರಿಗೆ ಸಾಲುವಷ್ಟು ಮಾತ್ರ ಇದ್ದರೆ ಸರದಿ. ಅತ್ತೆಗೆ ಸರದಿ ಇಲ್ಲ. ಮೊನ್ನೆ ಒಂದು ಬಟ್ಟಲು ಚಿತ್ರಾನ್ನ, ಎರಡು ರೊಟ್ಟಿ, ಸ್ವಲ್ಪ ಬದನೆಕಾಯಿ ಪಲ್ಯ ಉಳಿದಿತ್ತು. ಸರದಿ ನಮ್ಮ ಮನೆಯವರದು ಮತ್ತು ಮಗನದು. ಅವರಿಬ್ಬರೂ ಅದನ್ನು ಬಿಸಿ ಮಾಡಿಕೊಂಡು ತಿಂದರು. ಉಳಿದ ನಾಲ್ವರಿಗೆ ಉಪ್ಪಿಟ್ಟು ಮಾಡಿದೆ, ಜಾತ್ರೆಯ ರವೆ ಕೊನೆಗೂ ಅವತ್ತು ಮುಗಿಯಿತು.